ಮೊದಲ ಓದುಗ

ನೆಲ್ಲಿಕಾಯಿ ರಸ್ತೆಯಲ್ಲಿ ಹಮ್ಮಬ್ಬನ ರದ್ದಿ ಅಂಗಡಿ.
ತಕ್ಕಡಿಯ ಒಂದು ತಟ್ಟೆಯಲ್ಲಿ ಅರ್ಧ ಕಿಲೋ ಬೊಟ್ಟು,
ಇನ್ನೊಂದರಲ್ಲಿ ಅಮೆರಿಕದ ಕರಡಿ.

"ಹಲ್ಲಿನ ಮಾಸ್ಟ್ರೇ, ನಿಮ್ಮ ಜಾತಿಯದ್ದು ಬಂದಿದೆ."
ಹಡಗಿನ ಏಜೆಂಟೊಬ್ಬರ ಅಟ್ಟ ಖಾಲಿ ಮಾಡಿದ್ದಂತೆ.
ಹಂಚಿನ ಲೆಕ್ಕ, ಹರಿದ ಪಂಚಾಂಗ, ಉಪ್ಪಿನ ರಶೀದಿ,
ನಡುವೆ ಇದು:
ಕಂದು ಬಟ್ಟೆಯ ರಟ್ಟು, ಬೆನ್ನಿನ ಚಿನ್ನ ಉದುರಿ
ಉಳಿದದ್ದು ಒಂದು ಕೋವಿ, ಒಂದು ನಾಯಿಬಾಲ.

ನಾನು ಹಲ್ಲು ಕಟ್ಟುವವ.
ಹಂಪನಕಟ್ಟೆಯ ಮಹಡಿಯಲ್ಲಿ ಮೂವತ್ತೆಂಟು ವರ್ಷ
ಮೇಣದಲ್ಲಿ ಊರವರ ನಗು ಕೂರಿಸಿದ್ದೇನೆ.
ರಾತ್ರಿ ನನಗೆ ಬೇಕಾದ್ದು ನಾನು ಕಟ್ಟದ ನಗು.
ಆ ಕಡೆಯ ಹೊಳೆದಂಡೆಗಳಲ್ಲಿ
ಬೇಟೆಯವರು, ಕುದುರೆ ಮಾರುವವರು, ಗಾಳದವರು
ಬೆಂಕಿ ಸುತ್ತ ಕೂತು ಬಿಟ್ಟ ಬಂಡಲು,
ಮೊಟ್ಟಮೊದಲು ಅಚ್ಚಾದದ್ದು.
ಎರಡನೆಯ ಮುದ್ರಣ ಬೇಡ, ಪುಕ್ಕಟೆ ಕೊಟ್ಟರೂ.

"ಮೊದಲಿನದೆಂದು ಗೊತ್ತಾಗುವುದು ಹೇಗೆ?"
ಮದುವೆಯ ಹೊಸತರಲ್ಲಿ ಸೆವ್ರಿನಾ ಕೇಳಿದ್ದಳು.
ತಪ್ಪಿನಿಂದ, ಎಂದೆ. ಅಚ್ಚಿನಮನೆಯವರು
ಎಚ್ಚರಾಗುವ ಮುಂಚೆ ಜಾರಿದ ಒಂದಕ್ಷರ,
ಅದಲುಬದಲಾದ ಪುಟದ ಅಂಕೆ.
ತಪ್ಪಿದ್ದರೇ ಬೆಲೆ.
"ನನ್ನ ಸಾರಿನಲ್ಲಿ ಮಾತ್ರ ತಿದ್ದಿದ್ದು ಬೇಕು" ಎಂದು
ಮೀನಿನ ತಲೆ ನನ್ನ ಬಟ್ಟಲಿಗೇ ಹಾಕಿದಳು.

ಇದರಲ್ಲಿ ಐವತ್ತೇಳನೆಯ ಪುಟ ಎಪ್ಪತ್ತೈದಾಗಿತ್ತು.
ಕೈ ನಡುಗಿತು. ಆಮೇಲೆ ಕಂಡೆ,
ಹಾಳೆಗಳ ಅಂಚು ಕತ್ತರಿಸಿಯೇ ಇಲ್ಲ.
ಮಡಿಕೆಯೊಳಗೆ ಮಡಿಕೆ, ಪತ್ರೊಡೆಯ ಸುರುಳಿ.
ಯಾರೋ ತಂದರು, ಕಪಾಟಿನಲ್ಲಿಟ್ಟರು, ತೀರಿಕೊಂಡರು.
ಒಂದೂವರೆ ಶತಮಾನದಿಂದ ಈ ಪ್ರತಿಗೆ
ಒಬ್ಬನೂ ನಕ್ಕಿಲ್ಲ.

ಮುಂಬಯಿಯ ವ್ಯಾಪಾರಿ ಫೋನಿನಲ್ಲಿ ಪಿಸುಗುಟ್ಟಿದ:
"ಕತ್ತರಿಸಬೇಡಿ. ಹಾಗೇ ಇದ್ದರೆ ಒಂದು ಸ್ಕೂಟರಿನ ಹಣ.
ಕತ್ತರಿಸಿದರೆ ಅದರ ಸೀಟಿನದ್ದು."
ನಲವತ್ತೊಂದನೆಯ ಪುಟದಲ್ಲಿ
ಸೂಜಿಮೊನೆಯಷ್ಟು ಒಂದು ಹುಳುವಿನ ತೂತಿತ್ತು.
ಅದನ್ನು ನಾನು ಹೇಳಲಿಲ್ಲ.

ಹದಿನೈದು ದಿನ ನುಸಿಗುಳಿಗೆಯ ಜೊತೆ ಬೀಗದಲ್ಲಿಟ್ಟೆ.
ಸಂಜೆ ತೆಗೆದು ಮಡಿಕೆಯೊಳಗೆ ಇಣುಕುವುದು,
ಬಾಯಿ ತೆರೆಯದ ಮಗುವಿನ ದವಡೆ ನೋಡುವ ಹಾಗೆ.
ಅರ್ಧ ಸಾಲು ಸಿಕ್ಕಿತು:
ಕರಡಿ ಮರ ಹತ್ತಿತು, ಮೇಲಿನಿಂದ ಅದು...

ಬೆಂಗ್ರೆಯ ದೂಮ ಕರ್ಕೇರ ಮೇಲಿನ ಸೆಟ್ಟಿಗೆ
ಅಳತೆ ಕೊಡುತ್ತಿದ್ದ. ಬಾಯಿ ತುಂಬ ಅಚ್ಚಿನ ಮೇಣ.
ಅವನಿಗೆ ಅಷ್ಟನ್ನೇ ತುಳುವಿನಲ್ಲಿ ಹೇಳಿದೆ.
ಮೇಣದೊಳಗಿಂದಲೇ ಕೇಳಿದ: "ಮತ್ತೆ?"
ಗೊತ್ತಿಲ್ಲ, ಎಂದೆ.
ಮೇಣ ಕಿತ್ತು ಕೈಯಲ್ಲಿ ಹಿಡಿದ.
"ಗೊತ್ತಿಲ್ಲದ್ದನ್ನು ಶುರು ಯಾಕೆ ಮಾಡಿದ್ದು ಮಾರಾಯ್ರೆ?
ನನ್ನ ದೋಣಿಯನ್ನು ಒಂದು ತೊರಕೆ ಕಾಪುವರೆಗೆ ಎಳೆದಿತ್ತು.
ದೀಪಸ್ತಂಭ ನೋಡಿ ಹೆದರಿ ವಾಪಸು ತಂದು ಬಿಟ್ಟಿತು.
ಡೀಸೆಲ್ ಉಳಿಯಿತು. ಕಥೆ ಮುಗಿಯಿತು.
ಹೀಗೆ ಹೇಳಬೇಕು."

ಪ್ಲಾಸ್ಟರು ಕೆತ್ತುವ ಚೂರಿ ಮೇಜಿನ ಮೇಲಿತ್ತು.

ಸ್ಕೂಟರು ಹರಿಯುವ ಸದ್ದು
ಸರ್ರನೆ, ಬಹಳ ಮೆತ್ತಗೆ.
ಒಳಗೆ ಕಾಗದ ಬೊಂಡದ ಎಳೆ ಗಂಜಿಯ ಹಾಗೆ ಬೆಳ್ಳಗೆ.
ಇಡೀ ಪುಟಕ್ಕೊಂದು ಚಿತ್ರ:
ಮರದ ಮೇಲೆ ಕರಡಿ, ಕೆಳಗೆ ಟೊಪ್ಪಿಯವನು, ಹೊಗೆ.
ಮೂರು ಸಲ ಗುಂಡು ಹೊಡೆದ, ಮೂರೂ ಸಲ ತಪ್ಪಿದ,
ಕಥೆಯ ತಮಾಷೆಯೇ ಅದು.
ಆದರೆ ತೂತು, ನಲವತ್ತೊಂದರಿಂದ ಹೊರಟದ್ದು,
ಕ್ರಿಯಾಪದಗಳನ್ನು ದಾಟಿ, ಅಲ್ಪವಿರಾಮ ನುಂಗಿ,
ಟೊಪ್ಪಿಯ ಪಕ್ಕದಿಂದ ಹಾದು
ನೆಟ್ಟಗೆ ಕರಡಿಯ ಎದೆಯಲ್ಲಿ.

ದೂಮ ಬಗ್ಗಿ ನೋಡಿದ.
"ಇದು ಬಂದರಿನ ಹುಳು" ಎಂದ. "ಗುರಿ ನೋಡಿ."
ಆಮೇಲೆ ಅವನು ನಕ್ಕದ್ದು ಬೊಚ್ಚು ಬಾಯಿಯ
ಗುಲಾಬಿ ವಸಡೆಲ್ಲ ಕಾಣುವಂತೆ,
ನಾನು ಎಷ್ಟು ಕಟ್ಟಿದರೂ ಬಾರದ್ದು.

ರಿಜಿಸ್ಟರಿನಲ್ಲಿ ಬರೆದೆ:
ನಂಬ್ರ ಇನ್ನೂರ ಹನ್ನೆರಡು. ಮೊದಲ ಮುದ್ರಣ.
ಪುಟಸಂಖ್ಯೆ ತಪ್ಪಿದೆ. ಅಂಚು ಕತ್ತರಿಸಿದೆ.
ಮೊದಲ ಓದುಗ ಹುಳು.
ಎರಡನೆಯವ ದೂಮ, ಓದು ಬಾರದು.

ಅವನ ಕೈಯಲ್ಲಿದ್ದ ಮೇಣ
ಮುಷ್ಟಿಯ ಆಕಾರಕ್ಕೆ ಗಟ್ಟಿಯಾಗಿತ್ತು.
ಬುಧವಾರ ಮತ್ತೆ ಬರಲು ಹೇಳಿದ್ದೇನೆ.